ಕೈ ಇಳಿಸದ ಹುಡುಗಿ

"ನಿಮ್ಮ ತರುವಾಯ ನಿಮ್ಮ ಬೋಧನೆಯನ್ನು ಕಾಯುವವರು ಯಾರು?" ಎಂದು ಶಿಷ್ಯ ಕೇಳಿದ. ಒಂದು ಸಮಿತಿ ರಚಿಸಿದರೆ ಒಳ್ಳೆಯದೆಂಬುದು ಅವನ ಅಭಿಪ್ರಾಯವಾಗಿತ್ತು. ಅದರ ಅಧ್ಯಕ್ಷ ಯಾರಾಗಬೇಕೆಂಬ ಬಗ್ಗೆಯೂ ಅವನಿಗೊಂದು ಅಭಿಪ್ರಾಯವಿತ್ತು. ಅದನ್ನು ಮಾತ್ರ ಅವನು ಹೇಳಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಹೈಸ್ಕೂಲಿನಲ್ಲಿ ಒಬ್ಬ ಆಟದ ಮೇಷ್ಟರಿದ್ದರು. ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವುದು ಅವರ ಕೆಲಸ. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಗಂಟೆ ಹೊಡೆಸುವುದು, ಮಂತ್ರಿಗಳು ಬಂದ ದಿನ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸುವುದು ಕೂಡ ಅವರದೇ ಕೆಲಸ. ಇವುಗಳಿಂದ ಉಳಿದ ಹೊತ್ತಿನಲ್ಲಿ ಅವರು ಒಳ್ಳೆಯ ಟೀಮು ಕಟ್ಟುತ್ತಿದ್ದರು.

ಅಭ್ಯಾಸದ ಆಟಕ್ಕೆ ರೆಫರಿ ಇರಲಿಲ್ಲ. ಅಷ್ಟೂ ಮಕ್ಕಳ ಕೈಗಳನ್ನು ಮೇಷ್ಟರ ಎರಡು ಕಣ್ಣು ಕಾಯಲಾರವು. ಅದಕ್ಕೆ ಅವರೊಂದು ನಿಯಮ ಮಾಡಿದರು. ಎದುರಾಳಿಯ ಕೈಗೆ ಹೊಡೆದವಳು, ಮೈಗೆ ಡಿಕ್ಕಿ ಕೊಟ್ಟವಳು, ತಾನೇ ನಿಂತು ಕೈ ಎತ್ತಬೇಕು. ಯಾರೂ ನೋಡದಿದ್ದರೂ ಎತ್ತಬೇಕು. ಪೆಟ್ಟು ತಿಂದವಳು ಕೂಗಿದ ಮೇಲೂ ಯಾರೂ ಎತ್ತದಿದ್ದರೆ ಮೇಷ್ಟರು ಚೆಂಡನ್ನು ಕಿತ್ತುಕೊಂಡು ಅದರ ಮೇಲೆ ಕೂತುಬಿಡುತ್ತಿದ್ದರು. ಕೈ ಏಳುವವರೆಗೆ ಅವರೂ ಏಳುತ್ತಿರಲಿಲ್ಲ. ಇದರಲ್ಲಿ ದೊಡ್ಡ ತತ್ವವೇನೂ ಇರಲಿಲ್ಲ. ಒಬ್ಬ ರೆಫರಿಯ ಕೊರತೆ ಇತ್ತು, ಅಷ್ಟೇ. ಆದರೆ ವರ್ಷಗಳು ಕಳೆದಂತೆ ಅನುಕೂಲವೇ ತತ್ವವಾಯಿತು. ಮೇಷ್ಟರೂ ಅದನ್ನು ನಂಬಿದರು. ಬೇರೆ ಸ್ಕೂಲಿನವರು, "ಬಂದ್ರಪ್ಪಾ ಕೈ ಎತ್ತೋರು" ಎಂದು ಗೇಲಿ ಮಾಡುತ್ತಿದ್ದರು. ಮೇಷ್ಟರಿಗೆ ಅದು ಬಿರುದಿನಂತೆ ಕೇಳುತ್ತಿತ್ತು.

ಅವರದೊಂದು ಆಸೆ ಮಾತ್ರ ಈಡೇರಿರಲಿಲ್ಲ. ಅವರ ಟೀಮು ಒಮ್ಮೆಯೂ ರಾಜ್ಯ ಮಟ್ಟಕ್ಕೆ ಹೋಗಿರಲಿಲ್ಲ. ನಿವೃತ್ತಿಯ ವರ್ಷ ಅವರಿಗೆ ದೇವೀರಿ ಎಂಬ ನಾಯಕಿ ಸಿಕ್ಕಳು. ಹೇಳಿದ್ದನ್ನು ಒಂದೇ ಸಲಕ್ಕೆ ಕಲಿಯುವ ಹುಡುಗಿ. ಟೀಮು ವಿಭಾಗದ ಫೈನಲ್ ಮುಟ್ಟಿತು. ಗೆದ್ದರೆ ರಾಜ್ಯ ಮಟ್ಟ. ಸೋತರೆ ಮೇಷ್ಟರು ಆಸೆಯನ್ನು ಹೊತ್ತುಕೊಂಡೇ ಮನೆಗೆ ಹೋಗಬೇಕು.

ಕೊನೆಯ ಗಳಿಗೆಯಲ್ಲಿ ದೇವೀರಿಯ ಟೀಮು ಒಂದು ಅಂಕ ಮುಂದಿತ್ತು. ಎದುರು ಟೀಮಿನ ಹುಡುಗಿ ಜಿಗಿದು ಚೆಂಡು ಎಸೆದಳು. ತಡೆಯಲು ದೇವೀರಿಯೂ ಜಿಗಿದಳು. ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು. ಆಟ ಮುಗಿಯಿತು. ಮಕ್ಕಳು ಅಂಕಣಕ್ಕೆ ನುಗ್ಗಿದರು. ಹೆಡ್ ಮಾಸ್ತರರು ಮೇಷ್ಟರನ್ನು ತಬ್ಬಿಕೊಂಡರು. ಆ ತಬ್ಬುಗೆಯೊಳಗಿಂದಲೇ ಮೇಷ್ಟರು ನೋಡಿದರು. ದೇವೀರಿ ಬುಟ್ಟಿಯ ಕೆಳಗೆ ಕೈ ಎತ್ತಿ ನಿಂತಿದ್ದಳು.

ರೆಫರಿ ಇನ್ನೂ ನೋಡಿರಲಿಲ್ಲ. ಅವನು ಅಂಕ ಬರೆಯುವವರ ಮೇಜಿನ ಕಡೆ ಹೊರಟಿದ್ದ. ಮೇಷ್ಟರು ಬಿಡಿಸಿಕೊಂಡು ಓಡಿದರು. ಮಕ್ಕಳನ್ನು ಓಡಿಸುವ ಮೇಷ್ಟರು ತಾವೇ ಓಡಿದ್ದನ್ನು ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ.

"ಕೈ ಇಳಿಸಮ್ಮ. ಆಟ ಮುಗೀತು."

"ಮಣಿಕಟ್ಟಿಗೆ ಹೊಡೆದೆ ಸಾರ್. ಅದಕ್ಕೇ ಬಾಲು ಆಚೆ ಹೋಯ್ತು."

"ಯಾರೂ ನೋಡಿಲ್ಲ. ನಾನು ಹೇಳ್ತಾ ಇದ್ದೀನಿ, ಇಳಿಸೇ."

"ಎತ್ತು ಅಂದೋರೂ ನೀವೇ ಅಲ್ವಾ ಸಾರ್."

ಮೇಷ್ಟರು ಅವಳ ಕೈ ಹಿಡಿದು ಕೆಳಗೆಳೆದರು. ದೇವೀರಿ ಇನ್ನೊಂದು ಕೈ ಎತ್ತಿದಳು. ರೆಫರಿ ತಿರುಗಿದ. ಸೀಟಿ ಊದಿದ.

ಎದುರು ಟೀಮಿಗೆ ಎರಡು ಫ್ರೀ ಥ್ರೋ ಸಿಕ್ಕವು. ಎರಡೂ ಬುಟ್ಟಿಗೆ ಬಿದ್ದವು, ದೇವೀರಿಯ ಟೀಮು ಒಂದು ಅಂಕದಿಂದ ಸೋತಿತು.

ವಾಪಸು ಬರುವಾಗ ವ್ಯಾನಿನಲ್ಲಿ ಮೇಷ್ಟರು ಡ್ರೈವರನ ಪಕ್ಕ ಕೂತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೆಡ್ ಮಾಸ್ತರರು ಹಿಂದಿನಿಂದ ಹೇಳುತ್ತಲೇ ಇದ್ದರು. ಮೇಷ್ಟರು ಮನಸ್ಸಿನಲ್ಲಿ ದೇವೀರಿಯನ್ನು ಬಯ್ದರು. ಕಲಿಸಿದವನಿಗೇ ಪಾಠ ಹೇಳುವ ಸೊಕ್ಕು ಎಂದುಕೊಂಡರು. ಅಭ್ಯಾಸದ ನಿಯಮವನ್ನು ಯಾರಾದರೂ ಫೈನಲ್ಲಿಗೆ ತರುತ್ತಾರೆಯೇ ಎಂದುಕೊಂಡರು. ಊರು ಹತ್ತಿರವಾಗುವ ಹೊತ್ತಿಗೆ ಬಯ್ಯಲು ಹೊಸದೇನೂ ಉಳಿದಿರಲಿಲ್ಲ. ಆಗ ಅವರಿಗೆ ಹೊಳೆಯಿತು. ತಾವು ಇಷ್ಟು ವರ್ಷ ಕಲಿಸಿದ್ದು ಒಬ್ಬಳಿಗೆ ಪೂರ್ತಿ ಬಂದಿತ್ತು. ತಮಗಿಂತ ಚೆನ್ನಾಗಿ ಬಂದಿತ್ತು. ಹೊಟ್ಟೆ ಉರಿಯುತ್ತಲೇ ಇತ್ತು. ಆದರೂ ಅವರು ನೆಟ್ಟಗೆ ಕೂತರು.

ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಸಭೆಯ ಅಧ್ಯಕ್ಷರು ಫೈನಲ್ಲಿನ ಕತೆ ಹೇಳಿದರು. ಅವರ ಕತೆಯಲ್ಲಿ ಮೇಷ್ಟರೇ ಓಡಿ ಹೋಗಿ, ಹಿಂಜರಿಯುತ್ತಿದ್ದ ಹುಡುಗಿಯ ಕೈಯನ್ನು ಮೇಲೆತ್ತಿ ಹಿಡಿದಿದ್ದರು. ಮೇಷ್ಟರು ಎದ್ದು ನಿಂತು, ತಾವು ಎತ್ತಲು ಹೋಗಲಿಲ್ಲ, ಇಳಿಸಲು ಹೋಗಿದ್ದು ಎಂದರು. ಸಭೆ ಅವರ ವಿನಯಕ್ಕೆ ಮಾರುಹೋಗಿ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು. ಮಕ್ಕಳ ಸಾಲಿನಲ್ಲಿದ್ದ ದೇವೀರಿ ತಟ್ಟಲಿಲ್ಲ.

ಮೇಷ್ಟರು ತೀರಿಕೊಂಡ ಮೇಲೆ ಸ್ಕೂಲಿನ ಗೋಡೆಯ ಮೇಲೆ ಅವರ ಚಿತ್ರ ಬರೆಸಿದರು. ಅದರಲ್ಲೂ ಅವರು ಹುಡುಗಿಯ ಕೈಯನ್ನು ಎತ್ತಿ ಹಿಡಿದಿದ್ದಾರೆ. ಬರೆಸಿದ್ದು ಒಂದು ಸಮಿತಿ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಯೋಚಿಸಿದ. ಸಮಿತಿಯ ಮಾತನ್ನು ಕೈಬಿಟ್ಟ. ದೇವೀರಿಯಂಥ ಒಬ್ಬ ಶಿಷ್ಯನಿದ್ದರೆ ಸಾಕೆಂದೂ, ಗುರುಗಳ ತರುವಾಯ ಆ ಹೊಣೆಯನ್ನು ತಾನೇ ಹೊರುವೆನೆಂದೂ ವಿನಯದಿಂದ ಹೇಳಿದ.

ಗುರುಗಳು ಹೇಳಿದರು: "ನನ್ನ ತರುವಾಯದ ಮಾತು ಹಾಗಿರಲಿ; ನಾನೇ ನನ್ನ ಬೋಧನೆಗೆ ಅಡ್ಡ ಬಂದ ದಿನ ನೀನು ಯಾರ ಕಡೆ?"