ಎಣ್ಣೆ ಇಳಿಯುವವರೆಗೆ

"ಗುರುಗಳೇ, ಒಂದು ಕಡೆ ನೆಮ್ಮದಿಯಾಗಿ ಕೂರುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಒಂದು ತಿಂಗಳಾಗಿತ್ತು. ಸಂಸಾರದ ಗಲಾಟೆಯಲ್ಲಿ ಧ್ಯಾನ ಸಾಧ್ಯವಿಲ್ಲವೆಂದು ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಇಲ್ಲಿ ಗಲಾಟೆ ಇರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಕಾಲು ಅಲ್ಲಾಡುತ್ತಿತ್ತು. ಅರಳಿಮರದ ಕೆಳಗೆ ಕೂತು ನೋಡಿದ, ಇರುವೆ ಕಾಟ ಎಂದ. ಗುಡಿಯ ಹಿಂದೆ ಕೂತ, ಬಾವಲಿ ಕಾಟ ಎಂದ. ಈಗ ಹೊಳೆಯಾಚೆ ಒಂದು ಗುಹೆ ಇದೆಯಂತೆ, ಅಲ್ಲಿಗೆ ಹೋಗಲು ಅಪ್ಪಣೆ ಬೇಕು ಎನ್ನುತ್ತಿದ್ದ.

"ಗುಹೆಯ ಮಾತು ಆಮೇಲೆ" ಎಂದರು ಗುರುಗಳು. "ಮೊದಲು ಇದನ್ನು ಕೇಳು."

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮನೆಯ ಮುಂಭಾಗವೇ ಅಂಗಡಿ. ಉಣ್ಣುವಾಗ ಅಂಗಡಿಯ ಯೋಚನೆ, ಅಂಗಡಿಯಲ್ಲಿ ಕೂತರೆ ಸಂತೆಯ ಯೋಚನೆ, ಸಂತೆಗೆ ಹೋದರೆ ಮನೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಯೋಚನೆ. ಹೀಗಿರುವಾಗ ಅವನಿಗೆ ನಿದ್ದೆ ಬಿಟ್ಟುಹೋಯಿತು. ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದ, ಎದ್ದು ಓಡಾಡುತ್ತಿದ್ದ. ಚಳಿಗಾಲ ಬರುವಷ್ಟರಲ್ಲಿ ಕೈ ನಡುಗತೊಡಗಿತು.

ವೈದ್ಯರು ನಾಡಿ ಹಿಡಿದು ನೋಡಿದರು. "ಹೀಗೇ ಆದರೆ ಮುಂದಿನ ಬೇಸಿಗೆ ನೀನು ನೋಡುವುದಿಲ್ಲ" ಎಂದರು. "ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡು. ಎಣ್ಣೆ ಮೈಗೆ ಇಳಿಯುವವರೆಗೆ ಸುಮ್ಮನೆ ಕೂರಬೇಕು. ನಿದ್ದೆ ತಾನಾಗಿ ಬರುತ್ತದೆ."

ವ್ಯಾಪಾರಿ ಹೆದರಿದ. ಹೆದರಿದ್ದರಿಂದ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ. ಗಾಣದಿಂದ ಹೊಸ ಹರಳೆಣ್ಣೆ ತಂದ. ಬಚ್ಚಲ ಒಲೆಗೆ ದೊಡ್ಡ ತಾಮ್ರದ ಹಂಡೆ ಕೂರಿಸಿದ. ಹಲಸಿನ ಮರದ ಮಣೆ ಮಾಡಿಸಿದ. ಸೀಗೆಪುಡಿಯನ್ನಂತೂ ಊರೂರು ವಿಚಾರಿಸಿ ಆರಿಸಿದ. ಸುಮ್ಮನೆ ಕೂರುವುದನ್ನು ಮಾತ್ರ ಯಾವ ಊರಿನಲ್ಲೂ ಮಾರುತ್ತಿರಲಿಲ್ಲ.

ಎಣ್ಣೆ ಹಚ್ಚಿಕೊಂಡು ಕೂತ ಮೊದಲ ದಿನವೇ ಅಂಗಡಿಯಲ್ಲಿ ಯಾರೋ ಕೆಮ್ಮಿದರು. ಎದ್ದು ಓಡಿದ. ಎಣ್ಣೆ ಕೈಯಲ್ಲೇ ಒಂದು ರೇಷ್ಮೆ ಸೀರೆ ಬಿಡಿಸಿದ. ಸೀರೆಯೂ ಹೋಯಿತು, ಗಿರಾಕಿಯೂ ಹೋದ. ಮುಂದಿನ ವಾರ ಬಚ್ಚಲಿನಿಂದಲೇ ದರ ಕೂಗಿ ಗಂಟಲು ಕಟ್ಟಿಸಿಕೊಂಡ. ಕೊನೆಗೆ ಹೆಂಡತಿಯನ್ನು ಕರೆದು ಹೇಳಿದ, "ನಾನು ಒಳಗೆ ಹೋದಮೇಲೆ ಹೊರಗಿನಿಂದ ಚಿಲಕ ಹಾಕಿಬಿಡು. ಎಣ್ಣೆ ಇಳಿಯೋವರೆಗೆ ತೆಗೀಬೇಡ. ನಾನೇ ಬೇಡಿಕೊಂಡರೂ ತೆಗೀಬೇಡ."

ಅವಳು ಚಿಲಕ ಹಾಕಿದಳು. ಒಲೆಯ ಬಾಯಿ ಬಚ್ಚಲಿನ ಹೊರಗಿತ್ತು. ಅಲ್ಲೇ ಗೋಡೆಗೆ ಒರಗಿ ಕೂತು ಸೌದೆ ತುರುಕತೊಡಗಿದಳು.

ಒಳಗೆ ವ್ಯಾಪಾರಿ ಮಣೆಯ ಮೇಲೆ ಕೂತ. ಎದ್ದ. ಮತ್ತೆ ಕೂತ.

"ಏನೇ, ಅಂಗಡಿಗೆ ಯಾರಾದರೂ ಬಂದರಾ?"

"ಯಾರೂ ಬಂದಿಲ್ಲ ರೀ."

"ಯಾಕೆ ಬಂದಿಲ್ಲ?"

"ಅದನ್ನ ಬರದೇ ಇದ್ದೋರನ್ನೇ ಕೇಳಬೇಕು."

"ಎಣ್ಣೆ ಇಳೀತು. ಬಾಗಿಲು ತೆಗಿ."

"ಈಗ ತಾನೇ ಹಚ್ಕೊಂಡಿದ್ದೀರಿ. ಕೂತ್ಕೊಳ್ಳಿ."

"ನನ್ನ ಮೈ ನನಗೆ ಗೊತ್ತಾಗಲ್ವೇನೆ? ತೆಗಿ ಅಂದೆ!"

"ತೆಗೀಬೇಡ ಅಂದೋರೂ ನೀವೇ. ನಾನು ಯಾರ ಮಾತು ಕೇಳಲಿ? ಎಣ್ಣೆ ಹಚ್ಚೋಕೆ ಮುಂಚೆ ಇದ್ದೋರದ್ದೋ, ಹಚ್ಚಿದ ಮೇಲೆ ಇರೋರದ್ದೋ?"

ವ್ಯಾಪಾರಿ ಬೈದ. ಆಮೇಲೆ ಗೋಗರೆದ. ಹೊಸ ಸೀರೆ ಕೊಡುತ್ತೇನೆ ಎಂದ. ಬಚ್ಚಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಾಡಿದ. ಮತ್ತೆ ಕೂಗಿದ. ಹೊರಗಿನಿಂದ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಬರಲಿಲ್ಲ. ಬಾಗಿಲ ಸಂದಿಗೆ ಕಣ್ಣಿಟ್ಟು ನೋಡಿದ.

ಅವಳು ನಿದ್ದೆಹೋಗಿದ್ದಳು. ಕೈಯಲ್ಲಿ ಸೌದೆ ಹಾಗೇ ಇತ್ತು.

ಬಾಗಿಲು ಬಡಿಯಲು ಅವನು ಕೈ ಎತ್ತಿದ. ಕೈ ಅಲ್ಲೇ ನಿಂತಿತು. ರಾತ್ರಿಯೆಲ್ಲ ಅವನು ಕೇಳುತ್ತಿದ್ದ, ದೀಪ ಆರಿಸಿದೆಯಾ, ಬೀಗ ಹಾಕಿದೆಯಾ, ಅದೇನು ಸದ್ದು. ಎಷ್ಟು ಹೊತ್ತಿಗೆ ಕೇಳಿದರೂ ಪಕ್ಕದಿಂದ ಉತ್ತರ ಬರುತ್ತಿತ್ತು. ನಿದ್ದೆಯಲ್ಲಿರುವವರು ಉತ್ತರ ಕೊಡುವುದಿಲ್ಲ ಎಂಬುದು ಅವನಿಗೆ ಅದುವರೆಗೆ ಹೊಳೆದಿರಲಿಲ್ಲ.

ಅವನು ಮೆಲ್ಲಗೆ ಹೆಜ್ಜೆಯಿಟ್ಟು ಮಣೆಗೆ ಮರಳಿದ. ಅಲ್ಲಾಡಿದರೆ ಮಣೆ ಸದ್ದು ಮಾಡೀತೆಂದು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಂಗಡಿಯ ಕಡೆಯಿಂದ ಯಾರೋ ಕರೆದರು. ವ್ಯಾಪಾರಿ ಉಸಿರು ಬಿಗಿಹಿಡಿದು, ಈ ಪುಣ್ಯಾತ್ಮ ಇನ್ನೊಮ್ಮೆ ಕೂಗದೆ ಹೊರಟುಹೋಗಲಪ್ಪ ಎಂದುಕೊಂಡ. ಗಿರಾಕಿ ಹೋಗಲಿ ಎಂದು ಅವನು ಬಯಸಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಹಾಗೆ ಕೂತಿರುವಾಗ ಎಣ್ಣೆ ಇಳಿಯಿತು.

ತಂಬಿಗೆಯನ್ನು ಹಂಡೆಯ ಅಂಚಿಗೆ ತಾಗಿಸದೆ ನೀರು ತೆಗೆದ. ದಬದಬ ಸುರಿಯದೆ ತೋಳಿನ ಮೇಲೆ ಇಳಿಬಿಟ್ಟ. ನೀರು ಹೆಗಲಿನಿಂದ ಬೆರಳಿನ ತುದಿಗೆ ಹೋಗುವವರೆಗೆ ಕಾದು, ಮತ್ತೊಂದು ತಂಬಿಗೆ ತೆಗೆದ. ನೀರು ಇಷ್ಟು ಬೆಚ್ಚಗಿರುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಹೊರಗೆ ಉರಿ ತಗ್ಗುತ್ತಿತ್ತು. ಸೌದೆ ಹಾಕು ಎನ್ನಲಿಲ್ಲ. ಸ್ನಾನ ಮುಗಿಸಿ, ಮೈ ಒರೆಸಿ, ಪಂಚೆ ಸುತ್ತಿಕೊಂಡು ಬಾಗಿಲಿಗೆ ಒರಗಿ ಕೂತ. ಅವಳು ತಾನಾಗಿ ಏಳಲಿ ಎಂದು ಕಾದ.

ಅವಳು ಎದ್ದು, ಗಾಬರಿಯಿಂದ ಚಿಲಕ ತೆಗೆದಾಗ ಬಾಗಿಲಿನ ಜೊತೆಗೇ ಅವನೂ ಹೊರಗೆ ಹೊರಳಿದ. ಆದರೂ ಎಚ್ಚರವಾಗಲಿಲ್ಲ. ವೈದ್ಯರು ಹೇಳಿದ ಬೇಸಿಗೆ ಬಂತು, ಹೋಯಿತು. ಅವನಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಯೋಚಿಸಿದ. ಅವನ ಮುಖ ಅರಳಿತು.

"ಹರಳೆಣ್ಣೆಯೇ ಆಗಬೇಕೇ ಗುರುಗಳೇ, ಎಳ್ಳೆಣ್ಣೆಯಾದರೂ ನಡೆದೀತೇ?"

ಗುರುಗಳು ಹೇಳಿದರು, "ನೀನು ಇಲ್ಲಿಗೆ ಬಂದ ಮೇಲೆ ನಿನ್ನ ಹೆಂಡತಿ ಚೆನ್ನಾಗಿ ನಿದ್ದೆ ಮಾಡುತ್ತಿರಬೇಕು."