ರಕ್ಕಸಿಯ ಎದೆಗೆ ಎಷ್ಟು ಕೋಣೆ?

"ಕೇಳ್ರಪ್ಪೋ ಕೇಳಿ! ಹುಲಿಕಲ್ಲಿನ ರಕ್ಕಸಿ ನಮ್ಮ ರಾಜಕುಮಾರಿಯನ್ನ ಹೊತ್ಕೊಂಡು ಹೋಗವ್ಳೆ! ಅವಳ ಮೂರು ಒಗಟು ಬಿಡಿಸಿದೋರಿಗೆ ಅರ್ಧ ರಾಜ್ಯ! ತಪ್ಪಿದೋರು ಅವಳ ಅಮಾವಾಸ್ಯೆ ಊಟಕ್ಕೆ!" ಎಂದು ಡಂಗುರದವನು ಸಾರಿದ.

ರಾಜಕುಮಾರಿಯ ಪಲ್ಲಕ್ಕಿ ಹೊತ್ತಿದ್ದ ಬೋಯಿ ಲಕ್ಕಯ್ಯನನ್ನೂ ರಕ್ಕಸಿ ಅವಳ ಜೊತೆಗೇ ಗೋಣಿಚೀಲಕ್ಕೆ ತುಂಬಿದ್ದಳು. ಆ ಹೆಸರು ಡಂಗುರದವನ ಬಾಯಿಗೆ ಬರಲಿಲ್ಲ. ಹಾಗಾಗಿ ಲಕ್ಕಯ್ಯನ ಮಗ ಚಿಕ್ಕೀರ ತಾನೇ ಹೊರಟ. ಅವನಿಗೆ ರಾಜ್ಯ ಬೇಕಿರಲಿಲ್ಲ, ಅಪ್ಪ ಬೇಕಿತ್ತು.

ಚಿಕ್ಕೀರನಿಗೆ ಬರುತ್ತಿದ್ದದ್ದು ಗುಡ್ಡೆಬಾಡಿನ ಪಾಲು ಹಾಕುವ ಕೆಲಸ. ಹಬ್ಬಕ್ಕೆ ಊರವರು ಕೂಡಿ ಕುರಿ ಕೊಯ್ದರೆ, ಮನೆಗೊಂದು ಗುಡ್ಡೆ ಮಾಡಿ, ಪ್ರತಿ ಗುಡ್ಡೆಗೂ ಎಲ್ಲದರ ಚೂರೂ ಬೀಳುವಂತೆ ಹಂಚಬೇಕು. ಗುಂಡಿಗೆಯ ಚೂರು ಒಬ್ಬರಿಗೆ ತಪ್ಪಿದರೂ ಮೊಮ್ಮಕ್ಕಳ ಕಾಲದವರೆಗೆ ಜಗಳವಾಡುವ ಊರು ಅದು.

ಬೆಟ್ಟದ ಮೇಲೆ ಆಗಲೇ ಒಬ್ಬ ಯುವರಾಜ, ಒಬ್ಬ ಆಸ್ಥಾನಕವಿ ಸಾಲಾಗಿ ನಿಂತಿದ್ದರು.

"ಎರಡೇ ಕೋಣೆಯ ಮನೆ," ಎಂದಳು ರಕ್ಕಸಿ. "ಕೆಂಪು ನೆಂಟ ಒಮ್ಮೆ ಹೊಕ್ಕು ಹೊರಟರೆ ಊರೆಲ್ಲ ಸುತ್ತಿಯೇ ಮರಳುವುದು. ಮನೆಯೊಡೆಯನಿಗೆ ಕಣ್ಣು ಮುಚ್ಚಲು ರೆಪ್ಪೆಯಿಲ್ಲ. ಯಾರ ಮನೆ?"

"ನಮ್ಮ ಬೇಸಿಗೆ ಅರಮನೆ!" ಎಂದ ಯುವರಾಜ ಚೀಲಕ್ಕೆ ಬಿದ್ದ. "ವಿರಹಿಯ ಮನಸ್ಸು," ಎಂದ ಕವಿ ವಿವರಣೆ ಮುಗಿಸುವ ಮೊದಲೇ ಬಿದ್ದ.

"ಮೀನಿನ ಗುಂಡಿಗೆ ಕಣವ್ವ," ಎಂದ ಚಿಕ್ಕೀರ.

ರಕ್ಕಸಿ ಹುಬ್ಬು ಗಂಟಿಕ್ಕಿದಳು. "ಮೂರು ಕೋಣೆಯ ಮನೆ. ಮೇಲಿನೆರಡರಲ್ಲಿ ಹೊಸ ನೆಂಟ, ಹಳೆ ನೆಂಟ ಬೇರೆ ಬೇರೆ. ಕೆಳಗಿನ ಕೋಣೆಯಲ್ಲಿ ಇಬ್ಬರೂ ಬೆರೆಯುತ್ತಾರೆ. ಒಡೆಯನಿಗೆ ಊರು ಎರಡು."

ಇಂಥ ಗುಂಡಿಗೆಯನ್ನು ಚಿಕ್ಕೀರ ಕಂಡವನಲ್ಲ. ತಲೆ ಕೆರೆದುಕೊಂಡ. "ಮೀನಿಗೆ ಎರಡು, ಕುರಿಗೆ ನಾಕು. ನೀರಿಗೂ ಸೈ, ನೆಲಕ್ಕೂ ಸೈ ಅನ್ನೋದು ನಡುವೆ ಇರ್ಬೇಕು. ಕಪ್ಪೆ!"

"ಸರಿ, ನನ್ನೆದೆಯ ಮನೆಗೆ ಕೋಣೆ ಎಷ್ಟು?" ಎಂದಳು ರಕ್ಕಸಿ. ಏನು ಹೇಳಿದರೂ ತಪ್ಪೆಂದು ಬಿಡುವುದು ಅವಳ ಹೂಟ.

"ಓಡೋ ಮಗಾ!" ಎಂದು ಚೀಲದಿಂದ ಲಕ್ಕಯ್ಯ ಕೂಗಿದ. ಚಿಕ್ಕೀರ ಕಾಲು ಕೀಳಲಿಲ್ಲ.

"ನಾಕು."

"ತಪ್ಪು! ಐದು!"

ಚಿಕ್ಕೀರ ಸೊಂಟದ ಚೂರಿ ತೆಗೆದು ಕಲ್ಲಿಗೆ ಮಸೆಯತೊಡಗಿದ. "ಬಿಚ್ಚಿ ಎಣಿಸಾನ ಬಾರವ್ವ. ಎಲ್ಲರ ಮುಂದೆ ಬಿಚ್ಚಿ ತೋರಿಸ್ದೆ ನಮ್ಮೂರಲ್ಲಿ ಯಾವ ಲೆಕ್ಕನೂ ಒಪ್ಪಲ್ಲ. ಐದಿದ್ರೆ ನನ್ನ ತಿನ್ನು. ನೀನಾಗೇ ಮಲಗ್ತೀಯೋ, ಹಿಡ್ಕೊಳಕ್ಕೆ ಜನ ಬೇಕೋ?"

ರಕ್ಕಸಿಯ ಎದೆ ಡಂಗುರಕ್ಕಿಂತ ಜೋರಾಗಿ ಬಡಿಯಿತು. "ನಾಲ್ಕೇ ಕಣಪ್ಪಾ, ನಾಲ್ಕೇ!" ಎಂದು ಚೀಲ ಬಿಚ್ಚಿ ಗುಹೆಯೊಳಗೆ ಓಡಿದಳು.

ಆಸ್ಥಾನದಲ್ಲಿ ಚಿಕ್ಕೀರ ರಾಜನಿಗೆ ಎಲ್ಲ ವಿವರಿಸಿದ. "ಬುದ್ಧೀ, ಕೆಂಪು ನೆಂಟ ಅಂದ್ರೆ ರಕ್ತ. ಕಪ್ಪೆಗೆ ಹೊಸದೂ ಹಳೇದೂ ಬೆರೀತದೆ. ನಿಮಗೂ ನನಗೂ ಕುರಿಗೂ ನಾಕು ಕೋಣೆ, ಬೆರೆಯಾಕಿಲ್ಲ."

ಕುರಿಯ ಜೊತೆ ತನ್ನನ್ನು ಸೇರಿಸಿದ್ದಕ್ಕೆ ರಾಜ ಕೆಮ್ಮಿದ. ಆಮೇಲೆ ಅರ್ಧ ರಾಜ್ಯ ಕೊಟ್ಟ. ಬೇಡವೆನ್ನಲು ಚಿಕ್ಕೀರನೇನು ದಡ್ಡನೇ? ತೆಗೆದುಕೊಂಡ. "ಆದ್ರೆ ಬುದ್ಧಿ, ಡಂಗುರದಲ್ಲಿ ನಮ್ಮಪ್ಪನ ಪಾಲು ಬಿಟ್ಟೋಗಿದೆ," ಎಂದ.

ಮತ್ತೆ ಡಂಗುರ ಹೊರಟಿತು. "ರಾಜಕುಮಾರಿ ಬಂದ್ರು! ಬೋಯಿ ಲಕ್ಕಯ್ಯನೋರೂ ಬಂದ್ರು!"

ಲಕ್ಕಯ್ಯ ತನ್ನ ಮನೆ ಮುಂದೆ ಡಂಗುರದವನನ್ನು ತಡೆದು, ಹೆಂಡತಿಯತ್ತ ಕೈ ತೋರಿಸಿದ. "ಇನ್ನೊಂದ್ಸಲ ಹೇಳಪ್ಪ, ಇವಳಿಗೆ ಕಿವಿ ಮಂದ."

ಅವಳ ಕಿವಿ ಚೆನ್ನಾಗಿಯೇ ಇತ್ತು.