ತುಟಿ ಆಡಿಸಿದ ಮಂತ್ರವಾದಿ

ನಮ್ಮೂರಿನ ಹಳೇ ಹತ್ತಿಮಿಲ್ಲಿನಲ್ಲಿ ದೆವ್ವದ ಸಿನಿಮಾ ತೆಗೆಯುತ್ತಿದ್ದರು. ಮೇಕಪ್ಪಿಗೆ ದುಡ್ಡಿರಲಿಲ್ಲ. ಹಾಗಾಗಿ ಮಂತ್ರವಾದಿಯ ಪಾತ್ರಕ್ಕೆ ಆಂಜನೇಯನ ಗುಡಿಯ ಅರ್ಚಕನಾದ ನನ್ನ ಮುಖವೇ ಸಾಕೆಂದರು. ನಾನೋ ಹಿಗ್ಗಿ, ತೀರ್ಥದ ಜೊತೆ ಸುದ್ದಿಯನ್ನೂ ಊರಿಗೆಲ್ಲ ಹಂಚಿಬಿಟ್ಟೆ.

ಕ್ಯಾಮೆರಾ ಮುಂದೆ ಕೂತಾಗ ನಿರ್ದೇಶಕ ಚಂದ್ರಚೂಡ, "ಸ್ವಾಮಿ, ಮನುಷ್ಯನ್ನ ಕೊಲ್ಲೋ ನಿಜವಾದ ಮಂತ್ರವೇ ಬೇಕು. ಆಗಲ್ಲ ಅಂದ್ರೆ ಎದ್ದೇಳಿ," ಎಂದ.

ಅಂಥ ಮಂತ್ರ ನನಗೆಲ್ಲಿ ಬರಬೇಕು? ಬಂದರೂ ರಾಮನಾಮ ಹೇಳುವ ನಾಲಿಗೆಯಲ್ಲಿ ಅದನ್ನು ಹೇಗೆ ಹೇಳಲಿ? ಎದ್ದು ಹೋದರೆ ಊರೆಲ್ಲ ನಗುತ್ತೆ.

"ಆಗಲಿ, ಮೊದಲು ಸಂಕಲ್ಪ. ಮಾಡಿಸುವವರ ಹೆಸರು, ಗೋತ್ರ, ನಕ್ಷತ್ರ ಹೇಳಿ. ಪಾಪಪುಣ್ಯವೆಲ್ಲ ಅವರದೇ," ಎಂದೆ.

ಚಂದ್ರಚೂಡ ನಿರ್ಮಾಪಕರತ್ತ ನೋಡಿದ. ದುಡ್ಡು ಹಾಕಿದ್ದ ಬೋರ್‌ವೆಲ್ ಲಾರಿ ಮಾಲೀಕ ಗಂಗಣ್ಣನವರು ಕುರ್ಚಿ ಹಿಂದಕ್ಕೆ ಎಳೆದುಕೊಂಡು, "ನನ್ನ ನೋಡಬೇಡಪ್ಪ, ಕಥೆ ನಿಂದು," ಎಂದರು.

ಚಂದ್ರಚೂಡ ಮೆತ್ತಗಾದ. "ಸುಮ್ಮನೆ ತುಟಿ ಆಡಿಸಿ ಸ್ವಾಮಿ. ದನಿ ಆಮೇಲೆ ಬೇರೆಯವರದ್ದು ಹಾಕ್ತೀವಿ."

ನಾನು ಕಣ್ಣರಳಿಸಿ, ತುಟಿಯಲ್ಲೇ ಹನುಮಂತನನ್ನು ನೆನೆದೆ.

ಸಿನಿಮಾ ಬಂತು. ಪರದೆಯ ಮೇಲೆ ಯಾರದೋ ಘೋರ ದನಿಯಲ್ಲಿ ನಾನು ಅಬ್ಬರಿಸಿದ ಕೂಡಲೇ ಅಕ್ಕಪಕ್ಕದವರೆಲ್ಲ ಕೈಮುಗಿದು, "ಆಂಜನೇಯ, ಕಾಪಾಡಪ್ಪ," ಎಂದರು. ಗುಡಿಯಲ್ಲಿ ಇಷ್ಟು ವರ್ಷ ಪೂಜೆ ಮಾಡಿಯೂ ಅವರಲ್ಲಿ ಅಷ್ಟು ಭಕ್ತಿ ಹುಟ್ಟಿಸಲು ನನ್ನಿಂದ ಆಗಿರಲಿಲ್ಲ.